ವಸಂತಕಾಲದಲ್ಲಿ ಹಿತ್ತಲಿನ ಹೂವು ತರಕಾರಿಗಳ ಕೆಲಸ

(ಬೆಂಗಳೂರಿನ ದಕ್ಷಿಣ ಭಾಗದ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ)

ಮಾಘಮಾಸ ಕಳೆದು ಫಾಲ್ಗುಣವು ಪ್ರಾರಂಭವಾಗುತ್ತಲೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬಿಸಿಲು ಬಲಿಯುವುದೂ ಕೊಳವೆ ಬಾವಿಗಳಲ್ಲಿ ನೀರು ಇಳಿಯುವುದೂ ಏಕಕಾಲದಲ್ಲಿ ನಡೆಯುತ್ತವೆ. ಹಿತ್ತಲಿನಲ್ಲಿ ಹೂವು ತರಕಾರಿಗಳನ್ನು ಬೆಳೆಯತಕ್ಕವರಿಗೆ ವರ್ಷದಲ್ಲೆಲ್ಲಾ ಕಷ್ಟವಾದ ಕಾಲವು ಇದೇ. ಮುಂದಿನ ಮಳೆಗಾಲದ ಫಸಲಿಗೆ ತಕ್ಕ ಸಿದ್ಧತೆಯನ್ನು ಮಾಡಿಕೊಳ್ಳಬೇಕಾದ ಕಾಲವೂ ಇದೇ. ಸಾರಕ್ಕಿ, ಯಡಿಯೂರು, ಕತ್ತರಿಗುಪ್ಪೆ, ಪುಟ್ಟೇನಹಳ್ಳಿ ಮೊದಲಾದ ಗ್ರಾಮಗಳ ಹೊಲ ತೋಟಗಳು, ೧೯೪೮ರಲ್ಲಿ ಜಯನಗರದ ಬಡಾವಣೆಗೆ ಅಸ್ತಿಭಾರ ಬಿದ್ದ ಮೇಲೆ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಒಂದಾದ ಮೇಲೊಂದು ಹಬ್ಬಿದುದರಿಂದ ಮನೆಗಳ ನಿವೇಶನಗಳಾಗಿ ಹೋದುವು. ಎಕರೆಗಟ್ಟಳೆ ಭೂಮಿಯನ್ನು ಸಾಗುವಳಿ ಮಾಡಿದ ಮನೆತನಗಳಿಗೆ ಈಗ ಉಳಿದಿರುವುದು ಮನೆಯ ಹಿಂದಿನ ಹತ್ತಡಿ ನೆಲ ಅಥವಾ ಮೇಲಿನ ತಾರಸಿ ಮಾತ್ರ. ಕನಕಪುರದ ರಸ್ತೆಯ ಕಡೆ ಇನ್ನೂ ಜಮೀನನ್ನು ಉಳಿಸಿಕೊಂಡಿರುವವರಿಗೂ ಮನೆಯ ಹಿತ್ತಲೆಂಬುದು ಬೇರೆಯೇ ಇದೆ. ನೆಲವು ಕಿರಿದಾದ ಮಾತ್ರಕ್ಕೆ ಸಾಗುವಳಿಯ ನಿಯಮಗಳು ಬೇರೆಯಾಗುವುದಿಲ್ಲ.

ಈ ಕೆಲಸಗಳಲ್ಲೆಲ್ಲಾ ಮುಖ್ಯವಾದುದು ನೀರಿನ ವಿಚಾರ. ೨೦೨೩ನೆಯ ಇಸವಿಯಲ್ಲಿ ಮಳೆಯು ತಪ್ಪಿದುದರಿಂದ ೨೦೨೪ನೆಯ ಮಾರ್ಚಿ ತಿಂಗಳಲ್ಲಿ ನಗರದ ಜಲಮಂಡಲಿಯವರು ಕುಡಿಯುವ ನೀರನ್ನು ತೋಟಗಳಿಗೆ ಹಾಕಕೂಡದೆಂದು ಆಜ್ಞೆ ಮಾಡಿ, ಮೀರಿದವರಿಗೆ ೫,೦೦೦ ರೂಪಾಯಿಗಳ ದಂಡವನ್ನು ಗೊತ್ತುಮಾಡಿದರು. ಆ ವರ್ಷದ ಏಪ್ರಿಲ್ ತಿಂಗಳು ಪೂರ್ತಿ ನಗರದ ಹವಾಮಾನ ಕಛೇರಿಯ ಮಾಪಕದಲ್ಲಿ ಮಳೆಯೇ ದಾಖಲಾಗಲಿಲ್ಲ. ಅನೇಕರ ಹಿತ್ತಲುಗಳು ಆಗ ಒಣಗಿದುವು. ಕೆಲವರವು ಮಾತ್ರ ಉಳಿದುವು. ಉಳಿದುದಕ್ಕೆ ಕಾರಣವು ಅವರಿಗೆ ಹೆಚ್ಚು ನೀರು ಸಿಕ್ಕಿತೆಂಬುದಲ್ಲ. ಇದ್ದ ನೀರು ನೆಲದಲ್ಲಿ ನಿಲ್ಲುವಂತೆ ಅವರು ಮುಂಚೆಯೇ ಏರ್ಪಾಡು ಮಾಡಿಕೊಂಡಿದ್ದರೆಂಬುದೇ ಕಾರಣ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ ಕೊಳವೆಗಳಲ್ಲಿ ಹರಿಸಿ, ಸುಮಾರು ಐನೂರು ಮೀಟರು ಎತ್ತರಕ್ಕೆ ಯಂತ್ರಗಳಿಂದ ಏರಿಸಿ ತಂದ ಕಾವೇರಿಯ ನೀರನ್ನು ಬರಿಯ ಬಿಸಿಲಿಗೆ ಸುರಿಯುವುದು ಬರಗಾಲವಿಲ್ಲದ ವರ್ಷದಲ್ಲಿಯೂ ಯುಕ್ತವಲ್ಲ.

ಬೇಸಗೆಯ ದಿನಗಳಲ್ಲಿ ತೆರೆದ ನೆಲದಿಂದಲೂ ಗಿಡದ ಎಲೆಗಳಿಂದಲೂ ದಿನವೊಂದಕ್ಕೆ ಸುಮಾರು ಐದು ಮಿಲಿಮೀಟರುಗಳಷ್ಟು ನೀರು ಆವಿಯಾಗಿ ಹೋಗುತ್ತದೆ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಎಂದರೆ ಒಂದು ಲೀಟರು ನೀರು. ಹತ್ತಡಿ ಉದ್ದ ಹತ್ತಡಿ ಅಗಲದ ಪಾತಿಯು ಒಂಬತ್ತು ಚದರ ಮೀಟರುಗಳಿಗೆ ಸ್ವಲ್ಪ ಹೆಚ್ಚಾಗುವುದರಿಂದ, ದಿನಕ್ಕೆ ನಲವತ್ತೈದು ಲೀಟರು, ಅಂದರೆ ಸುಮಾರು ಮೂರು ಕೊಡ ನೀರು ಬೇಕಾಗುತ್ತದೆ. ಇದನ್ನು ದಿನವೂ ಮೇಲೆಮೇಲೆ ಚಿಮುಕಿಸುವ ಅಭ್ಯಾಸವು ಬಹುಜನರಲ್ಲಿದೆ. ಹಾಗೆ ಚಿಮುಕಿಸಿದ ನೀರು ಮೇಲಿನ ಒಂದೆರಡಂಗುಲ ಮಣ್ಣನ್ನು ಮಾತ್ರ ನೆನೆಸಿ ಮಧ್ಯಾಹ್ನದೊಳಗಾಗಿ ಹಾರಿಹೋಗುವುದಲ್ಲದೆ, ಬೇರುಗಳು ತಂಪನ್ನು ಅರಸಿಕೊಂಡು ಮೇಲಕ್ಕೇ ಬಂದು ಬಿಸಿಲಿಗೆ ಸಿಕ್ಕಿ ಸಾಯುತ್ತವೆ. ನಾಲ್ಕು ದಿನಕ್ಕೊಮ್ಮೆ ಸಂಜೆ ಹೊತ್ತಿನಲ್ಲಿ ಚದರ ಮೀಟರಿಗೆ ಇಪ್ಪತ್ತು ಲೀಟರಿನಂತೆ ನಿಧಾನವಾಗಿ ಉಣ್ಣಿಸಿದರೆ ಅದೇ ನೀರು ಅರ್ಧ ಅಡಿಗಿಂತ ಕೆಳಕ್ಕೆ ಇಳಿದು ಬೇರನ್ನು ಕೆಳಕ್ಕೆ ಕರೆದುಕೊಂಡು ಹೋಗುತ್ತದೆ. ಆಗತಾನೆ ಹುಟ್ಟಿದ ಸಸಿಗಳಿಗೂ ಕುಂಡಗಳಿಗೂ ಈ ನಿಯಮವು ಹೊಂದುವುದಿಲ್ಲ; ಅವುಗಳಿಗೆ ದಿನವೂ ನೀರು ಬೇಕು.

ಉಣ್ಣಿಸಿದ ನೀರನ್ನು ಹಿಡಿದಿಡುವುದು ಹೊದಿಕೆ. ಇದಕ್ಕಾಗಿ ಪ್ರಕೃತಿಯೇ ಅನುಕೂಲವನ್ನು ಒದಗಿಸಿದೆ. ಜಯನಗರದ ಸಾಲುಮರಗಳಲ್ಲಿ ಹೊಂಗೆ, ಮಳೆಮರ ಮೊದಲಾದುವು ಎಲೆ ಉದುರಿಸಿ ಹೊಸ ಚಿಗುರನ್ನು ತಳೆಯುವುದು ಶಿಶಿರದ ಕೊನೆಯಿಂದ ವಸಂತದ ಮೊದಲವರೆಗೆ. ನೆಲಕ್ಕೆ ಹೊದಿಕೆಯು ಅತ್ಯವಶ್ಯಕವಾಗುವುದೂ ಆಗಲೇ. ಆದರೆ ನಡೆಯುತ್ತಿರುವುದೇನೆಂದರೆ, ಗುಡಿಸಿದ ಎಲೆಗಳನ್ನು ಬೀದಿಯ ಮೂಲೆಯಲ್ಲಿ ರಾಶಿಹಾಕಿ ಬೆಂಕಿ ಹಚ್ಚುವುದು. ಇದು ಕಾನೂನಿಗೆ ವಿರೋಧವಾದುದು, ನೆರೆಹೊರೆಯ ವೃದ್ಧರಿಗೂ ಮಕ್ಕಳಿಗೂ ಉಸಿರಾಟಕ್ಕೆ ಕೆಡುಕಾದುದು. ಇದರ ಜೊತೆಗೆ ಮುಂದೆ ಅಂಗಡಿಯಲ್ಲಿ ಹಣ ಕೊಟ್ಟು ತರಬೇಕಾದ ಗೊಬ್ಬರವನ್ನು ಕೈಯಾರೆ ಸುಟ್ಟಂತೆಯೂ ಆಗುತ್ತದೆ. ಊರಿನ ಮುಖಂಡರು ಮೊದಲು ತಮ್ಮ ಮನೆಯ ಮುಂದಿನ ಎಲೆಯನ್ನು ಚೀಲಗಳಲ್ಲಿ ತುಂಬಿಸಿ ಹಿತ್ತಲಿಗೆ ಸೇರಿಸಿದರೆ ಬೀದಿಯ ಉಳಿದವರು ತಾವಾಗಿಯೇ ಅನುಸರಿಸುತ್ತಾರೆ. ನೀರು ಉಣ್ಣಿಸಿದ ಮಾರನೆಯ ದಿನ ಪಾತಿಯ ಮೇಲೆ ಮೂರು ನಾಲ್ಕು ಅಂಗುಲ ದಪ್ಪನಾಗಿ ಎಲೆಯನ್ನು ಹರಡಿ, ಗಿಡದ ಬುಡಕ್ಕೆ ತಾಗದಂತೆ ಎರಡಂಗುಲ ಬಿಡತಕ್ಕದ್ದು. ಬುಡಕ್ಕೆ ಒತ್ತಿದರೆ ಕಾಂಡವು ಕೊಳೆಯುವ ಸಂಭವವುಂಟು.

ಹೊದಿಕೆಗೆ ಹಾಕಿ ಮಿಕ್ಕ ಎಲೆಯನ್ನು ಗೊಬ್ಬರ ಮಾಡಬೇಕು. ಕಾಂಪೋಸ್ಟು ಗೊಬ್ಬರದ ಎರಡು ಪ್ರಸಿದ್ಧ ವಿಧಾನಗಳಲ್ಲಿ ಒಂದಕ್ಕೆ ಇಂದೂರಿನ ಹೆಸರೂ ಮತ್ತೊಂದಕ್ಕೆ ಬೆಂಗಳೂರಿನ ಹೆಸರೂ ಇರುವುದನ್ನು ಈ ಊರಿನವರೇ ಮರೆತಿರುವಂತೆ ಕಾಣುತ್ತದೆ. ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ.ಎನ್. ಆಚಾರ್ಯರು ಪಟ್ಟಣಗಳ ಕಸವನ್ನೂ ಮಲವನ್ನೂ ಗುಂಡಿಗಳಲ್ಲಿ ಪದರಪದರವಾಗಿ ಹಾಕಿ ಗೊಬ್ಬರ ಮಾಡುವ ಕ್ರಮವನ್ನು ರೂಢಿಗೆ ತಂದರು. ಇಂದೂರಿನ ಕ್ರಮದಲ್ಲಿ ರಾಶಿಯನ್ನು ಆಗಾಗ್ಗೆ ತಿರುವಿಹಾಕಿ ನೀರು ಚಿಮುಕಿಸಬೇಕು. ಬೆಂಗಳೂರಿನ ಕ್ರಮದಲ್ಲಿ ಮೊದಲ ಸಲ ನೆನೆಸಿ ಮಣ್ಣು ಮೆತ್ತಿ ಮುಚ್ಚಿದ ಮೇಲೆ ತಿರುವುವ ಕೆಲಸವಾಗಲಿ ನೀರಿನ ಖರ್ಚಾಗಲಿ ಇಲ್ಲ. ನೀರಿಗೆ ಅಭಾವವಾದ ಬೇಸಗೆಗೆ ಇದು ಬಹಳ ಹೊಂದುತ್ತದೆ. ಹಿತ್ತಲಿಗೆ ಮಲವು ಬೇಕಾಗಿಲ್ಲ, ಸಗಣಿಯೇ ಸಾಕು. ನೀರು ನಿಲ್ಲದ ಎತ್ತರದ ಜಾಗದಲ್ಲಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿಯನ್ನು ತೆಗೆದು, ಅರ್ಧ ಅಡಿ ಒಣಗಿದೆಲೆ ಮತ್ತು ಅಡಿಗೆಮನೆಯ ಸಿಪ್ಪೆ ಸೊಪ್ಪು, ಅದರ ಮೇಲೆ ಎರಡಂಗುಲ ಸಗಣಿಯ ಬಗ್ಗಡ, ತೆಳ್ಳಗೆ ಮಣ್ಣು, ಹೀಗೆ ನೆಲದ ಮಟ್ಟಕ್ಕಿಂತ ಒಂದಡಿ ಮೇಲಕ್ಕೆ ಬರುವವರೆಗೆ ತುಂಬಿ, ಗೋಪುರದಂತೆ ಮಾಡಿ, ಕೆಸರಿನಿಂದ ಮೆತ್ತಬೇಕು. ಒಂದು ವಾರದಲ್ಲಿ ಅದು ಕುಗ್ಗಿ ಬಿರುಕು ಬಿಟ್ಟರೆ ಮತ್ತೊಮ್ಮೆ ಮೆತ್ತತಕ್ಕದ್ದು. ಬಿರುಕನ್ನು ಹಾಗೆಯೇ ಬಿಟ್ಟರೆ ನೊಣ ಹುಟ್ಟುತ್ತದೆ. ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರವು ಪಕ್ವವಾಗುವುದರಿಂದ, ಯುಗಾದಿಗೆ ಮುಚ್ಚಿದ ಗುಂಡಿಯನ್ನು ದೀಪಾವಳಿಯ ಸುಮಾರಿಗೆ ತೆಗೆದು ಚಳಿಗಾಲದ ಕೋಸು, ಹೂಕೋಸು, ಬಟಾಣಿಗಳಿಗೆ ಹಾಕಬಹುದು.

ಹಿಂದೆ ಬೇಸಗೆಯಲ್ಲಿ ಕೆರೆಗೋಡನ್ನು ಗಾಡಿಗಳಲ್ಲಿ ತಂದು ಹೊಲಕ್ಕೆ ಹರಡುವುದು ಎಲ್ಲ ರೈತರ ವಾಡಿಕೆಯಾಗಿತ್ತು. ಆ ವಾಡಿಕೆಯು ಒಳ್ಳೆಯದೇ ಆದರೂ, ಪಟ್ಟಣದ ಕೊಳಚೆನೀರು ಸೇರಿದ ಕೆರೆಗಳ ಗೋಡಿನಲ್ಲಿ ಸೀಸವೇ ಮುಂತಾದ ಲೋಹಗಳು ಸೇರಿರಬಹುದಾದ್ದರಿಂದ ಪರೀಕ್ಷೆ ಮಾಡಿಸದೆ ಅದನ್ನು ತರಕಾರಿಯ ಪಾತಿಗೆ ಹಾಕಕೂಡದು. ಹೊಸದಾಗಿ ಮನೆ ಕಟ್ಟಿದ ನಿವೇಶನಗಳಲ್ಲಿ ಗಾರೆ, ಸಿಮೆಂಟು, ಇಟ್ಟಿಗೆ ಚೂರುಗಳು ಹೂತುಹೋಗಿರುತ್ತವೆ. ಒಂದೂವರೆ ಅಡಿಯವರೆಗೆ ಅಗೆದು ಅವನ್ನು ಆರಿಸಿ ತೆಗೆಯದೆ ಗೊಬ್ಬರ ಹಾಕಿದರೆ ಪ್ರಯೋಜನವಿಲ್ಲ.

ಹಿರಿಯರು ಬಚ್ಚಲ ನೀರು ಹರಿಯುವ ಕಡೆ ಬಾಳೆಯನ್ನೂ ಕೆಸವನ್ನೂ ನೆಡುತ್ತಿದ್ದುದು ಬುದ್ಧಿವಂತಿಕೆಯ ಕ್ರಮ. ಈಗಲೂ ಸ್ನಾನದ ನೀರನ್ನು ಬಾಳೆಗೂ ಕಾಬಾಳೆಗೂ ಹರಿಸಬಹುದು. ಬಟ್ಟೆ ಒಗೆದ ನೀರಿನಲ್ಲಿ ಉಪ್ಪು ಕ್ಷಾರಗಳು ಹೆಚ್ಚು. ಅದನ್ನು ಸೊಪ್ಪಿನ ಪಾತಿಗೆ ಸೋಕಿಸಕೂಡದು. ಅಕ್ಕಿ ಬೇಳೆ ತರಕಾರಿ ತೊಳೆದ ನೀರಿಗೆ ಯಾವ ದೋಷವೂ ಇಲ್ಲ. ಕುಡಿಯುವ ನೀರನ್ನು ಶುದ್ಧಿ ಮಾಡುವ ಯಂತ್ರವು ಹೊರಹಾಕುವ ನೀರಿನಲ್ಲಿ ಲವಣಗಳು ದಟ್ಟವಾಗಿರುವುದರಿಂದ ಒಂದು ಸಲ ಅದನ್ನು ಹಾಕಿದರೆ ಮರುಸಲ ಬೇರೆ ನೀರನ್ನು ಹಾಕಬೇಕು. ಬಳ್ಳಿಗಳ ಗುಣಿಯ ಮಧ್ಯದಲ್ಲಿ ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ತಟ್ಟೆಯಿಂದ ಮುಚ್ಚಿಟ್ಟರೆ ನೀರು ಮಡಕೆಯ ಗೋಡೆಯಿಂದ ಜಿನುಗಿ ಬೇರಿಗೆ ಮಾತ್ರ ಸೇರುತ್ತದೆ. ಊರಿಗೆ ಹೋಗಿ ಮೂರು ನಾಲ್ಕು ದಿನ ಬರಲಾಗದವರಿಗೆ ಇದು ಅನುಕೂಲ.

ಅಶ್ವಿನಿ, ಭರಣಿ ಮಳೆಗಳು ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದವರೆಗೆ ಗುಡುಗಿನೊಡನೆ ಥಟ್ಟನೆ ಬಂದು ಹೋಗತಕ್ಕವು. ಅವು ಬರುವ ಮುಂಚೆಯೇ ತಾರಸಿಯನ್ನು ಗುಡಿಸಿ, ಕೊಳವೆಗಳಲ್ಲಿ ಸೇರಿದ ಎಲೆಯನ್ನು ತೆಗೆದು, ಸೋಸುವ ಮರಳು ಜಲ್ಲಿಗಳನ್ನು ತೊಳೆದಿಡುವುದು ಚೈತ್ರಮಾಸದ ಅತಿ ಮುಖ್ಯವಾದ ಕೆಲಸ. ಸಾವಿರ ಚದರಡಿಯ ತಾರಸಿಯ ಮೇಲೆ ಇಪ್ಪತ್ತು ಮಿಲಿಮೀಟರು ಮಳೆ ಬಿದ್ದರೆ ಸುಮಾರು ೧,೮೫೦ ಲೀಟರು ನೀರಾಗುತ್ತದೆ. ಪೋಲಾದುದನ್ನು ಕಳೆದರೂ ೧,೫೦೦ ಲೀಟರು ಕೈಗೆ ಸಿಕ್ಕುವುದರಿಂದ, ಮೇಲೆ ಹೇಳಿದ ಹತ್ತಡಿಯ ಪಾತಿಗೆ ಒಂದು ತಿಂಗಳು ಸಾಕು. ಮೊದಲ ಮಳೆಯ ಮೊದಲ ಹತ್ತು ನಿಮಿಷದ ನೀರಿನಲ್ಲಿ ಧೂಳೂ ಹಕ್ಕಿಗಳ ಹಿಕ್ಕೆಯೂ ಇರುವುದರಿಂದ ಅದನ್ನು ತೊಟ್ಟಿಗೆ ಬಿಡಬಾರದು. ೨೦೦೯ರ ಕಾನೂನಿನಿಂದ ಬೆಂಗಳೂರಿನ ದೊಡ್ಡ ನಿವೇಶನಗಳಲ್ಲಿ ಮಳೆನೀರಿನ ಸಂಗ್ರಹವು ಕಡ್ಡಾಯವಾಯಿತು. ಅದರ ವಿಧಾನಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗಾಗಿ ಜಲಮಂಡಲಿಯವರು ಜಯನಗರದ ಐದನೆಯ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಒಂದು ಉದ್ಯಾನವನ್ನೇ ರಚಿಸಿದರು. ನೀರು ತುಂಬಿದ ಪೀಪಾಯಿಗಳ ಬಾಯಿಗೆ ಬಟ್ಟೆ ಕಟ್ಟದಿದ್ದರೂ, ಕುಂಡಗಳ ಕೆಳಗಿನ ತಟ್ಟೆಗಳನ್ನು ವಾರಕ್ಕೊಮ್ಮೆ ಬರಿದುಮಾಡದಿದ್ದರೂ ಡೆಂಗ್ಯೂ ಜ್ವರದ ಸೊಳ್ಳೆಗಳು ಅಲ್ಲಿಯೇ ಹುಟ್ಟುತ್ತವೆ.

ಇನ್ನು ಬಿತ್ತನೆಯ ವಿಷಯ. ಶೀತದೇಶಗಳ ತೋಟಗಾರಿಕೆಯ ಪುಸ್ತಕಗಳಲ್ಲಿ ವಸಂತಕ್ಕೆ ಗಜ್ಜರಿ, ಬಟಾಣಿ, ಕೋಸುಗಳನ್ನು ಬಿತ್ತಬೇಕೆಂದು ಹೇಳಿರುವುದನ್ನು ನಂಬಿ ಇಲ್ಲಿ ಹಾಗೆ ಮಾಡಿದವರು ಬೀಜವನ್ನು ಕಳೆದುಕೊಳ್ಳುತ್ತಾರೆ. ಅವು ಇಲ್ಲಿ ಆಶ್ವಯುಜ ಕಾರ್ತಿಕಗಳ ಬೆಳೆಗಳು. ವಸಂತಕ್ಕೆ ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಹಾಗಲ, ಪಡವಲ, ಸೌತೆ, ಕುಂಬಳ, ದಂಟು, ಬಸಳೆಗಳೇ ಯೋಗ್ಯ. ಅವರೆಯನ್ನು ಬಿತ್ತಬೇಕೆಂಬ ಆಸೆ ಹಲವರಿಗುಂಟು; ನಾಟಿ ಅವರೆಯು ಹಗಲು ಕುಗ್ಗುವವರೆಗೆ ಹೂ ಬಿಡದಾದ್ದರಿಂದ ಬರಿಯ ಬಳ್ಳಿಯೇ ಹಬ್ಬುತ್ತದೆ. ಕೃಷಿ ವಿಶ್ವವಿದ್ಯಾನಿಲಯದವರು ತಯಾರುಮಾಡಿದ ಹೆಬ್ಬಾಳ ಅವರೆ ೩ ಮತ್ತು ೪ ಎಂಬ ಗಿಡ್ಡ ತಳಿಗಳಿಗೆ ಈ ನಿರ್ಬಂಧವಿಲ್ಲ.

ಬೆಂಡೆಯ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಬೆಳಗ್ಗೆ ಎರಡಡಿ ಅಂತರದ ಸಾಲುಗಳಲ್ಲಿ ಅಡಿಗೊಂದರಂತೆ ಊರಬೇಕು. ಎಲೆಯ ನರಗಳು ಹಳದಿಯಾಗುವ ನಂಜುರೋಗವು ಬೇಸಗೆಯಲ್ಲಿ ಪ್ರಬಲವಾದ್ದರಿಂದ ಅದನ್ನು ತಡೆಯಲೆಂದು ಹೆಸರುಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಅರ್ಕಾ ಅನಾಮಿಕಾ ತಳಿಯನ್ನು ಆರಿಸುವುದು ಮೇಲು. ಐವತ್ತು ದಿನಗಳೊಳಗೆ ಕಾಯಿ ಬರುತ್ತದೆ. ದಿನ ಬಿಟ್ಟು ದಿನ ಕೀಳದಿದ್ದರೆ ಬಲಿತು ನಾರಾಗುತ್ತದೆ. ಬಳ್ಳಿ ತರಕಾರಿಗಳಿಗೆ ಒಂದೂವರೆ ಅಡಿಯ ಗುಣಿಗಳಲ್ಲಿ ಗೊಬ್ಬರ ತುಂಬಿ ನಾಲ್ಕೈದು ಬೀಜ ಹಾಕಿ, ಎರಡೇ ಸಸಿಗಳನ್ನು ಉಳಿಸಬೇಕು. ಎತ್ತರದ ತಾರಸಿಗಳಿಗೆ ಜೇನ್ನೊಣಗಳು ಬರುವುದು ಕಡಮೆಯಾದ್ದರಿಂದ ಹೂವು ಉದುರಿ ಕಾಯಿ ಕಚ್ಚುವುದಿಲ್ಲವೆಂದು ದೂರುವವರು, ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಕೈಯಿಂದಲೇ ಮುಟ್ಟಿಸಬೇಕು. ಕುಂಬಳ ಹಾಗಲಗಳ ಹೂವು ಬೆಳಗ್ಗೆಯೂ ಹೀರೆಯ ಹೂವು ಸಂಜೆಯೂ ಅರಳುವುದನ್ನು ತಿಳಿದು ಈ ಕೆಲಸ ಮಾಡತಕ್ಕದ್ದು. ತಾರಸಿಯ ಮೇಲೆ ಮಣ್ಣು ತುಂಬುವವರು ಒಂದು ಘನ ಅಡಿ ಒದ್ದೆ ಮಣ್ಣು ಐವತ್ತು ಕಿಲೋಗ್ರಾಮಿನವರೆಗೆ ತೂಗುವುದೆಂಬುದನ್ನು ಗಮನಿಸಿ, ಕುಂಡಗಳನ್ನು ಗೋಡೆ ತೊಲೆಗಳ ಮೇಲೆಯೇ ಸಾಲಾಗಿಡಬೇಕು.

ಹೂಗಿಡಗಳಲ್ಲಿ ಮಲ್ಲಿಗೆಗೆ ಈಗ ಕತ್ತರಿ ತಾಗಿಸಕೂಡದು. ಸವರುವ ಕೆಲಸವು ಚಳಿಗಾಲದಲ್ಲಿಯೇ ಮುಗಿದಿರಬೇಕು. ಈಗ ನೀರು ಕೊಟ್ಟು, ಬಿಸಿಲೇರುವ ಮುಂಚೆ ಮೊಗ್ಗು ಬಿಡಿಸಿಕೊಳ್ಳುವುದಷ್ಟೆ. ಗುಲಾಬಿಯಲ್ಲಿ ಕಸಿಯ ಕೆಳಗಿನಿಂದ ಹೊರಡುವ ಕಾಡು ಚಿಗುರನ್ನು ಬುಡಮಟ್ಟ ಕೀಳಬೇಕು. ಸೇವಂತಿಗೆಗೆ ಮಾತ್ರ ಇದು ಕೈತುಂಬ ಕೆಲಸದ ಕಾಲ. ಹೂ ಮುಗಿದ ಕಾಂಡಗಳನ್ನು ನೆಲಮಟ್ಟಕ್ಕೆ ಕೊಯ್ದರೆ ಬುಡದಿಂದ ಹೊಸ ಮರಿಗಳು ಬರುತ್ತವೆ. ಅವನ್ನು ಬೇರುಸಹಿತ ಬಿಡಿಸಿ ನೆರಳಿನ ಮಡಿಯಲ್ಲಿ ಸಾಕಿ, ಮಳೆ ಹಿಡಿದ ಮೇಲೆ ಪಾತಿಗೆ ನೆಡತಕ್ಕದ್ದು. ಈ ಗಿಡವೂ ಹಗಲು ಕುಗ್ಗಿದ ಮೇಲೆಯೇ ಮೊಗ್ಗಿಡುವುದು. ರಾತ್ರಿಯೆಲ್ಲಾ ಬೀದಿದೀಪದ ಬೆಳಕು ಬೀಳುವ ಜಾಗದಲ್ಲಿ ನೆಟ್ಟರೆ ಹೂವು ತಡವಾಗುತ್ತದೆ, ಇಲ್ಲವೆ ಬರುವುದೇ ಇಲ್ಲ. ಗೊಬ್ಬರದ ದೋಷವೆಂದು ತಿಳಿದು ಮೇಲೆಮೇಲೆ ಗೊಬ್ಬರ ಸುರಿಯುವವರು ಮೊದಲು ದೀಪದ ಕಂಬವನ್ನು ನೋಡಬೇಕು.

ದಾಸವಾಳ, ಪರಂಗಿಗಳಿಗೆ ಬೇಸಗೆಯಲ್ಲಿ ಹಿಟ್ಟು ತಿಗಣೆಯು ಮುತ್ತುತ್ತದೆ. ೨೦೦೮ರಿಂದ ಪರಂಗಿಯ ತೋಟಗಳನ್ನು ಹಾಳುಮಾಡಿದ ಹಿಟ್ಟು ತಿಗಣೆಯನ್ನು ಅಡಗಿಸಿದುದು ಔಷಧವಲ್ಲ. ೨೦೧೦ರಲ್ಲಿ ಬೆಂಗಳೂರಿನ ಕೇಂದ್ರ ಸಂಸ್ಥೆಯೊಂದು ಹೊರದೇಶದಿಂದ ತರಿಸಿ ಬಿಡುಗಡೆ ಮಾಡಿದ ಸಣ್ಣ ಕಣಜಗಳು. ತೀಕ್ಷ್ಣವಾದ ವಿಷವನ್ನು ಹೊಡೆದರೆ ಇಂಥ ಕಣಜಗಳೇ ಮೊದಲು ಸಾಯುತ್ತವೆ. ಆದಕಾರಣ ರಭಸವಾದ ನೀರಿನಿಂದ ತೊಳೆದು, ಲೀಟರು ನೀರಿಗೆ ಐದು ಮಿಲಿಲೀಟರು ಬೇವಿನ ಎಣ್ಣೆಯನ್ನೂ ಸ್ವಲ್ಪ ಸಾಬೂನನ್ನೂ ಕದಡಿ ಸಂಜೆ ಸಿಂಪಡಿಸಿ, ತಿಗಣೆಯನ್ನು ಕಾಯುವ ಇರುವೆಗಳ ದಾರಿಯನ್ನು ಕಡಿಯುವುದೇ ಸರಿ.

ಕಾಲದ ಕೊನೆಯ ಕೆಲಸವು ಸೀಮೆಬದನೆಯದು. ಲಾಲ್‌ಬಾಗಿನ ಮುಖ್ಯಾಧಿಕಾರಿಯಾಗಿ ೧೮೭೪ರಿಂದ ೧೯೦೮ರವರೆಗೆ ಇದ್ದ ಜಾನ್ ಕ್ಯಾಮರನ್ನರು ಇಲ್ಲಿ ಬೇರೂರಿಸಿದ ಈ ಬಳ್ಳಿಯು ನೆರೆಯ ತಮಿಳು ತೆಲುಗು ನಾಡುಗಳಲ್ಲಿ ಬೆಂಗಳೂರು ಬದನೆಯೆಂದೇ ಹೆಸರಾಯಿತು. ಇದಕ್ಕೆ ಬೇರೆ ಬೀಜವಿಲ್ಲ. ಒಳಗಿನ ಒಂದೇ ಬೀಜವು ಕಾಯಿಯಲ್ಲಿಯೇ ಮೊಳೆಯುತ್ತದೆ. ಮೇ ತಿಂಗಳಲ್ಲಿ ಬಲಿತ ಕಾಯಿಗಳನ್ನು ನೆರಳಿನ ಮೂಲೆಯಲ್ಲಿಟ್ಟು, ತುದಿಯಲ್ಲಿ ಮೊಳಕೆ ಕಂಡಾಗ, ಅಗಲವಾದ ತುದಿಯು ಕೆಳಗಿರುವಂತೆ ಓರೆಯಾಗಿ ಅರ್ಧಭಾಗ ಹೂತು, ರೋಹಿಣಿ ಮಳೆಗೆ ಮುಂಚೆ ಆರಡಿ ಎತ್ತರದ ಚಪ್ಪರವನ್ನು ಕಟ್ಟಿಸತಕ್ಕದ್ದು. ಚಪ್ಪರದ ಗೂಟಗಳು ಗಟ್ಟಿಯಾಗಿರಬೇಕು, ಏತಕ್ಕೆಂದರೆ ಮಳೆಗಾಲದ ಮಧ್ಯದಲ್ಲಿ ಬಳ್ಳಿಯ ಭಾರಕ್ಕೆ ಅವು ಕುಸಿದರೆ ಮತ್ತೆ ಎತ್ತಿ ಕಟ್ಟುವುದು ಸಾಧ್ಯವಾಗುವುದಿಲ್ಲ.