ಕೊಳೆ ಬೇರೆ, ಮೈಲಿಗೆ ಬೇರೆ

ನಾಗಪುರದ ನನ್ನ ಮರಾಠಿ ಗೆಳೆಯನೊಬ್ಬ ಮೊನ್ನೆ ಕೇಳಿದ: “ಇಂಗ್ಲಿಷಿನ ಡರ್ಟಿ, ಅನ್‌ಕ್ಲೀನ್, ಇವಕ್ಕೆ ನಿಮ್ಮಲ್ಲಿ ಏನಂತಾರೋ?” ನಾನು, “ಎರಡೂ ಕೊಳಕೇ” ಅಂದುಬಿಟ್ಟೆ. ಅವನು ಸುಮ್ಮನಾದ. ಆಮೇಲೆ ಯೋಚಿಸಿದರೆ ನನ್ನ ಉತ್ತರ ತಪ್ಪು.

ನಮ್ಮ ಮಾತುಗಳನ್ನೇ ನೋಡಿ. ಅಂಗಿಗೆ ಹತ್ತಿದ್ದು ಕೊಳೆ, ಗುಡಿಸಿ ಎಸೆಯುವುದು ಕಸ, ಮೂಗು ಮುಚ್ಚಿಸುವುದು ಹೊಲಸು. ಇವು ಕಣ್ಣಿಗೋ ಮೂಗಿಗೋ ಗೊತ್ತಾಗ್ತವೆ. ತೊಳೆದರೆ, ಗುಡಿಸಿದರೆ ಹೋಗ್ತವೆ. ಇನ್ನೊಂದು ಸಾಲು ಬೇರೆ: ಬಾಯಿ ತಾಗಿದರೆ ಎಂಜಲು, ಅನ್ನ ತಾಗಿದರೆ ಮುಸುರೆ, ಮನೆಯಲ್ಲಿ ಸಾವಾದರೆ ಸೂತಕ. ಮಡಿಯುಟ್ಟ ಅಜ್ಜಿಯನ್ನು ಒಗೆದ ಅಂಗಿ ತೊಟ್ಟ ಮೊಮ್ಮಗ ಮುಟ್ಟಿದರೂ ಮೈಲಿಗೆಯೇ! ಇಲ್ಲಿ ಕೊಳೆ ಎಲ್ಲಿದೆ? ಇರುವುದು ಕಟ್ಟಳೆ.

ಮರಾಠಿಯಲ್ಲೂ ಹೀಗೇ. ‘ಮಳ’, ‘ಘಾಣ’ ಮೊದಲ ಸಾಲಿನವು. ಎಂಜಲಿಗೆ ‘ಉಷ್ಟ’, ಮುಸುರೆಗೆ ‘ಖರಕಟ’, ಮೈಲಿಗೆಗೆ ‘ವಿಟಾಳ’. ಇಂಗ್ಲಿಷಿನ ‘ಡರ್ಟಿ’ ಕೊಳೆಯ ಕಡೆಯದು. ‘ಅನ್‌ಕ್ಲೀನ್’ ಎರಡೂ ಕಡೆ ಸಲ್ಲುವ ಪದ. ಬೈಬಲು ಹಂದಿಯನ್ನು ಅನ್‌ಕ್ಲೀನ್ ಎಂದಾಗ, ಅದಕ್ಕೆ ಕೆಸರು ಮೆತ್ತಿದೆ ಎಂದಲ್ಲ, ತಿನ್ನಲು ನಿಷಿದ್ಧ ಎಂದರ್ಥ.

ಇದು ಬರೀ ನಿಘಂಟಿನ ಮಾತಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಡಾ. ಅಂಬೇಡ್ಕರರೂ ಅವರ ಸಂಗಡಿಗರೂ ನೀರು ಕುಡಿದರು. ಬಳಿಕ ಸನಾತನಿಗಳು ಸಗಣಿ, ಗೋಮೂತ್ರ ಬೆರೆಸಿ ಕೆರೆಯನ್ನು ‘ಶುದ್ಧಿ’ ಮಾಡಿದರು. ಗಮನಿಸಿ: ಮೈಲಿಗೆ ಕಳೆಯಲೆಂದು ನೀರಿಗೆ ಕೊಳೆಯನ್ನೇ ಸೇರಿಸಿದರು!

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆದರೂ 1956ರ ಅಕ್ಟೋಬರ್ 14ರಂದು ಇದೇ ನಾಗಪುರದಲ್ಲಿ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧಧರ್ಮ ಸ್ವೀಕರಿಸಿದರು. ಆ ಜಾಗವೇ ಇಂದಿನ ದೀಕ್ಷಾಭೂಮಿ.

ಗೆಳೆಯನ ಅಜ್ಜ ಅಂದು ಆ ಜನರ ನಡುವೆ ಇದ್ದರಂತೆ. ತಪ್ಪಾಯಿತೆಂದು ಹೇಳಲು ಹೋದಾಗ ಅವನೇ ಹೇಳಿದ: “ನಮ್ಮಜ್ಜ ದಿನಾ ಮಿಂದು ಮಡಿಯಾದ ಬಟ್ಟೆ ತೊಡುತ್ತಿದ್ದರು. ಅವರ ಮೈಮೇಲೆ ಕೊಳೆ ಇರಲಿಲ್ಲ ಕಣೋ. ಆದರೂ ಜನ ವಿಟಾಳ ಅಂದರು.” ಈ ಊರಿಗೆ ಹೆಸರು ಕೊಟ್ಟ ನಾಗ ನದಿಗೆ ಚರಂಡಿ ನೀರು ಸೇರುತ್ತದೆ. ಅದು ಕೊಳೆ, ಮನಸ್ಸು ಮಾಡಿದರೆ ತೆಗೆಯಬಹುದು. ಅವನ ಅಜ್ಜನಿಗೆ ಅಂಟಿಸಿದ್ದು ತೊಳೆದು ಹೋಗುವಂಥದ್ದಲ್ಲ.

ಹಾಗಾಗಿ ಮಿತ್ರರೇ, ಅನುವಾದ ಮಾಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಸಾಬೂನಿಗೆ ಹೋಗ್ತದೆಯೇ? ಹೋಗುವುದಾದರೆ ಕೊಳೆ ಅನ್ನಿ. ಹೋಗದಿದ್ದರೆ ಮೈಲಿಗೆ ಅಂತಲೇ ಬರೆಯಿರಿ. ಅದನ್ನೂ ಕೊಳಕು ಅಂದುಬಿಟ್ಟರೆ, ಹೊರಿಸಿದವರ ತಪ್ಪು ಹೊತ್ತವರ ಮೈಮೇಲೆ ಬೀಳುತ್ತದೆ.