ತಾವರೆಯೋ ನೈದಿಲೆಯೋ?

ಜಗತ್ತಿನ ಪ್ರಾಚೀನ ಧರ್ಮಗಳೆಲ್ಲ ಕಮಲವನ್ನು ಪವಿತ್ರವೆಂದು ಭಾವಿಸಿದುವೆಂಬ ಮಾತು ಅನೇಕ ಗ್ರಂಥಗಳಲ್ಲಿ ಕಾಣಬರುತ್ತದೆ. ಇದು ಅರ್ಧಸತ್ಯ. ಇಬ್ಬರ ಜಮೆಯನ್ನು ಒಂದೇ ಖಾತೆಯಲ್ಲಿ ಬರೆದರೆ ಲೆಕ್ಕ ತಾಳೆಯಾಗದು. ಇಲ್ಲಿ ಆಗಿರುವುದೂ ಅದೇ.

ಈಜಿಪ್ತಿನ ಭಿತ್ತಿಚಿತ್ರಗಳಲ್ಲಿ ಸ್ತ್ರೀಪುರುಷರು ಆಘ್ರಾಣಿಸುತ್ತಿರುವ ಹೂವನ್ನು ಇಂಗ್ಲಿಷ್ ಗ್ರಂಥಗಳು ‘ಲೋಟಸ್’ ಎನ್ನುತ್ತವೆ. ವಾಸ್ತವವಾಗಿ ಅದು ನೀಲಿ ನೈದಿಲೆ. ನೈದಿಲೆಯ ಎಲೆ ನೀರಿನ ಮೇಲೆ ತೇಲುತ್ತದೆ, ಅದರಲ್ಲೊಂದು ಸೀಳಿರುತ್ತದೆ. ತಾವರೆಯ ಬೆಳೆದ ಎಲೆಯಾದರೋ ದುಂಡಗೆ, ಸೀಳಿಲ್ಲದೆ, ನೀರನ್ನು ಬಿಟ್ಟು ಮೇಲೆ ನಿಲ್ಲುತ್ತದೆ. ಸಸ್ಯವಿಜ್ಞಾನಿಗಳ ಇಂದಿನ ನಿರ್ಣಯದಂತೆ ಇವೆರಡೂ ಹತ್ತಿರದ ಬಂಧುಗಳೂ ಅಲ್ಲ. ತಾವರೆ ನೈಲ್ ನದಿಯ ನಾಡಿಗೆ ಬಂದುದು ಬಹು ತಡವಾಗಿ. ಕ್ರಿ.ಪೂ. 5ನೆಯ ಶತಮಾನದ ಹೆರೊಡೋಟಸ್ ಎರಡನ್ನೂ ಬೇರೆಬೇರೆಯಾಗಿ ವರ್ಣಿಸಿ, ತಾವರೆಯ ಬೀಜಕೋಶವನ್ನು ಕಣಜದ ಗೂಡಿಗೆ ಹೋಲಿಸಿದ್ದಾನೆ. ಅವನ ನಂತರದವರೇ ಎಚ್ಚರ ತಪ್ಪಿದರು.

ಈ ಭೇದವನ್ನರಿತರೆ ಸಂಕೇತಗಳ ಅರ್ಥ ತಾನಾಗಿ ತಿಳಿಯಾಗುತ್ತದೆ. ನೀಲಿ ನೈದಿಲೆ ಬೆಳಿಗ್ಗೆ ಅರಳಿ, ಮಧ್ಯಾಹ್ನದ ಹೊತ್ತಿಗೆ ಮುಚ್ಚಿ, ಮರುದಿನ ಮತ್ತೆ ಅರಳುತ್ತದೆ. ಈಜಿಪ್ತಿನವರು ಅದರಲ್ಲಿ ಕಂಡದ್ದು ನಿತ್ಯ ಹುಟ್ಟುವ ಸೂರ್ಯನನ್ನು, ಮೃತನ ಪುನರ್ಜನ್ಮವನ್ನು. 1922ರಲ್ಲಿ ದೊರೆತ ತುತಾಂಖಾಮುನ್ ದೊರೆಯ ಸಮಾಧಿಯಲ್ಲಿ, ಈ ಹೂವಿನಿಂದ ಮೇಲೇಳುವ ಬಾಲರಾಜನ ಮರದ ಶಿರವೊಂದಿತ್ತು. ನಮ್ಮ ಕವಿಗಳು ನೈದಿಲೆಯನ್ನು ಚಂದ್ರನಿಗೆ ಕೊಟ್ಟರೆ ಅವರು ಸೂರ್ಯನಿಗೆ ಕೊಟ್ಟುದು ಸ್ವಾರಸ್ಯವಾಗಿದೆ.

ಭಾರತೀಯರ ಕಣ್ಣು ಹೂವಿನಷ್ಟೇ ಎಲೆಯ ಮೇಲೂ ಬಿತ್ತು. ಸಂಗವನ್ನು ತೊರೆದು ಕರ್ಮ ಮಾಡುವವನನ್ನು ಭಗವದ್ಗೀತೆಯ 5ನೆಯ ಅಧ್ಯಾಯ ಹೋಲಿಸಿದುದು ತಾವರೆಯ ಎಲೆಗೆ, ಹೂವಿಗಲ್ಲ. ನೀರಿನ ಮೇಲೆಯೇ ಮಲಗುವ ನೈದಿಲೆಯ ಎಲೆಗೆ ಈ ಉಪಮೆ ಅಷ್ಟು ಸಲ್ಲದು. ತಾವರೆಯೆಲೆಯ ಮೇಣದ ಸೂಕ್ಷ್ಮವಾದ ಉಬ್ಬುಗಳ ಮೇಲೆ ನೀರು ಹನಿಯಾಗಿ ಉರುಳುತ್ತ ಧೂಳನ್ನೂ ಕೊಂಡೊಯ್ಯುವುದನ್ನು ಜರ್ಮನಿಯ ಸಸ್ಯವಿಜ್ಞಾನಿ ಬಾರ್ಟ್‌ಲಾಟ್ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದರು.

ಕೆಸರಿನಲ್ಲಿ ಹುಟ್ಟಿಯೂ ಕೆಸರಂಟದ ಈ ಗುಣವನ್ನೇ ಬೌದ್ಧರು ಪೂರ್ವದೇಶಗಳಿಗೆ ಒಯ್ದರು. ಕಮಲದ ಹೆಸರನ್ನೇ ಹೊತ್ತ ‘ಸದ್ಧರ್ಮಪುಂಡರೀಕ’ವನ್ನು ಕುಮಾರಜೀವನು ಕ್ರಿ.ಶ. 406ರಲ್ಲಿ ಚೀನೀ ಭಾಷೆಗೆ ತಂದನು. ಜೈನರಲ್ಲಿ 6ನೆಯ ತೀರ್ಥಂಕರ ಪದ್ಮಪ್ರಭನ ಲಾಂಛನ ಕಮಲ. ದೆಹಲಿಯಲ್ಲಿ 1986ರಲ್ಲಿ ತೆರೆದ ಬಹಾಯಿ ಮಂದಿರಕ್ಕೆ ಅಮೃತಶಿಲೆ ಹೊದಿಸಿದ 27 ದಳಗಳಿವೆ.

ಹೆಸರಿನ ಗೊಂದಲ ಅಡಿಗೆಮನೆಯನ್ನೂ ಹೊಕ್ಕಿದೆ. ಪಥ್ಯಕ್ಕೆಂದು ಕೊಳ್ಳುವ ಮಖಾನಾ ತಾವರೆಬೀಜವೆಂದು ಅನೇಕರು ನಂಬಿದ್ದಾರೆ. ಅದು ನೈದಿಲೆಯ ಕುಟುಂಬಕ್ಕೆ ಸೇರಿದ, ಮುಳ್ಳುಗಳುಳ್ಳ ಬೇರೊಂದು ಗಿಡದ ಬೀಜ. ಹೆಚ್ಚಾಗಿ ಬಿಹಾರದ ಕೆರೆಗಳ ಬೆಳೆ. ನಿಜವಾದ ತಾವರೆಯ ಬೀಜವೆಂದರೆ, ಲಕ್ಷ್ಮೀಪೂಜೆಯ ಜಪಮಾಲೆಗೆ ಪೋಣಿಸುವ ಕಪ್ಪನೆಯ ಕಮಲಗಟ್ಟಾ.