ಪೆಟ್ರೋಲ್ ದುಡ್ಡು ಅಪ್ಪನದೇ ಇರಲಿ

ಬೆಂಗಳೂರಿನಿಂದ ಮಲೆನಾಡಿಗೆ ಟ್ಯಾಕ್ಸಿ ಮಾಡಿಕೊಂಡು ಹೋಗಿಬಂದವರಿಗೆಲ್ಲ ‘ದಿನಕ್ಕೆ ಮಿನಿಮಮ್ 300 ಕಿಲೋಮೀಟರ್’ ಅನ್ನುವ ಮಾತು ಗೊತ್ತು. ಕೆಲವರು 250ಕ್ಕೆ ಒಪ್ಪುತ್ತಾರೆ. ಗಾಡಿ ಅಷ್ಟು ಓಡಲಿ ಬಿಡಲಿ, ಅಷ್ಟಕ್ಕೆ ದುಡ್ಡು ತೆರಬೇಕು. ಅಜ್ಜ-ಅಜ್ಜಿ, ಮೊಮ್ಮಕ್ಕಳು ಎಲ್ಲ ಸೇರಿ ಹೊರಡುವ ಪ್ರವಾಸವನ್ನು ಕೆಡಿಸುವುದೇ ಈ ಷರತ್ತು ಎಂದು ನನಗೆ ಅನ್ನಿಸಿದೆ.

ಲೆಕ್ಕ ಹಾಕಿ ನೋಡಿ. ಶಿವಮೊಗ್ಗ, ತೀರ್ಥಹಳ್ಳಿ, ಕುಪ್ಪಳಿ, ಆಗುಂಬೆ, ಶೃಂಗೇರಿ ನೋಡಿಕೊಂಡು ಬಾಳೆಹೊನ್ನೂರು, ಚಿಕ್ಕಮಗಳೂರು, ಬೇಲೂರಿನ ಮೇಲೆ ವಾಪಸು ಬಂದರೆ ಹೆಚ್ಚುಕಡಿಮೆ 800 ಕಿ.ಮೀ. ಏಳು ಜನ ಕೂರುವ ಗಾಡಿಗೆ ಕಿಲೋಮೀಟರಿಗೆ 20 ರೂಪಾಯಿ ಹಿಡಿದರೂ ಓಡಿದ್ದಕ್ಕೆ ಆಗುವುದು 16,000. ಆದರೆ ನಾಲ್ಕು ದಿನ ಇಟ್ಟುಕೊಂಡರೆ ಬಿಲ್ಲು 1,200 ಕಿಲೋಮೀಟರಿನದು, ಅಂದರೆ 24,000. ಚಾಲಕರ ಬಾಟಾ ಬೇರೆ. ಅದನ್ನೇ ಮೂರು ದಿನಕ್ಕೆ ಇಳಿಸಿದರೆ 18,000ದಲ್ಲಿ ಮುಗಿಯುತ್ತದೆ. ಹಾಗಾಗಿ ಮನೆಯ ಯಜಮಾನ ಮೂರೇ ದಿನ ಸಾಕು ಅನ್ನುತ್ತಾನೆ. ಬೆಳಗಿನ ಜಾವ ಐದಕ್ಕೆ ಎಬ್ಬಿಸುವುದು, ದರ್ಶನಕ್ಕೆ ಓಡುವುದು, ಮಧ್ಯಾಹ್ನದ ನಿದ್ದೆ ತಪ್ಪಿಸುವುದು ಅಲ್ಲಿಂದ ಶುರು. ಆರು ಸಾವಿರ ಉಳಿಸಲು ಹೋಗಿ ಎಪ್ಪತ್ತು ದಾಟಿದ ಮೊಣಕಾಲುಗಳಿಂದ ವಸೂಲಿ ಮಾಡಿದ ಹಾಗಾಗುತ್ತದೆ.

ಸ್ವಂತ ಕಾರು ಇದ್ದರೆ ಅದರಲ್ಲೇ ಹೋಗಿ ಅನ್ನುವುದು ನನ್ನ ಸಲಹೆ. ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ ಇಷ್ಟು ದೂರಕ್ಕೆ ಐದೂವರೆ ಸಾವಿರದ ಪೆಟ್ರೋಲು ಸಾಕು, ದಿನ ಹೆಚ್ಚಾದರೂ ಆ ಖರ್ಚು ಹೆಚ್ಚುವುದಿಲ್ಲ. ರಾಷ್ಟ್ರೀಯ ಹೆದ್ದಾರಿ ಟೋಲಿಗೆ 2025ರ ಆಗಸ್ಟ್ 15ರಿಂದ ಶುರುವಿನಲ್ಲಿ 3,000 ರೂಪಾಯಿ ಇದ್ದ ವಾರ್ಷಿಕ ಫಾಸ್ಟ್‌ಟ್ಯಾಗ್ ಪಾಸ್ ಬಂದಿದೆ. ಒಂದು ವರ್ಷ ಅಥವಾ 200 ಸಲ ದಾಟುವುದು, ಯಾವುದು ಮೊದಲೋ ಅಲ್ಲಿಯವರೆಗೆ. ಊರಿಗೆ ಆಗಾಗ ಓಡಾಡುವವರಿಗೆ ಅದು ಲಾಭ, ಇದೊಂದೇ ಪ್ರವಾಸಕ್ಕಾಗಿ ಕೊಳ್ಳಬೇಡಿ. ಕಾರಿಲ್ಲ ಎಂದು ಪರಿಚಯದವರ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ತರುವುದಂತೂ ಬೇಡವೇ ಬೇಡ. ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆ ಕೈಕೊಡಬಹುದು. ಅದರ ಬದಲು ಶಿವಮೊಗ್ಗದವರೆಗೆ ಜನಶತಾಬ್ದಿ ರೈಲಿನಲ್ಲಿ ಹೋಗಿ, ಅಲ್ಲಿಂದ ಹಳದಿ ಬೋರ್ಡಿನ ಟ್ಯಾಕ್ಸಿ ಹಿಡಿಯಬಹುದು. ಹಿರಿಯ ನಾಗರಿಕರ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು, ನಿಜ. ಆದರೆ ರೈಲಿನಲ್ಲಿ ಶೌಚಾಲಯವಿದೆ.

ಶೌಚಾಲಯದ ಮಾತು ಸಣ್ಣದಲ್ಲ. ದಾರಿಯಲ್ಲಿ ಎಲ್ಲಿ ಇಳಿಯಬೇಕಾಗುತ್ತದೋ ಎಂಬ ಅಂಜಿಕೆಗೆ ನನ್ನ ಅಮ್ಮ ಪ್ರಯಾಣದ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಪಿ ಮಾತ್ರೆ ನುಂಗುವವರು ಹೀಗೆ ಮಾಡಿದರೆ ಸಂಜೆಗೆ ತಲೆಸುತ್ತು ಗ್ಯಾರಂಟಿ. ಅದಕ್ಕೇ ನಮ್ಮ ಪ್ರವಾಸದ ಬಜೆಟ್ಟಿನಲ್ಲಿ ‘ಕಾಫಿ ನಿಲುಗಡೆ’ ಎಂಬ ಬಾಬ್ತೇ ಬೇರೆ ಇರುತ್ತದೆ. ಎರಡು ಗಂಟೆಗೊಮ್ಮೆ ಚೊಕ್ಕಟವಾದ ಹೋಟೆಲ್ಲು ಕಂಡರೆ ಹಸಿವಿರಲಿ ಇಲ್ಲದಿರಲಿ ನಿಲ್ಲಿಸುತ್ತೇವೆ. ಆ ಇನ್ನೂರು-ಮುನ್ನೂರು ರೂಪಾಯಿ ಕೊಡುವುದು ಕಾಫಿಗಲ್ಲ, ಅಮ್ಮ ನಿಶ್ಚಿಂತೆಯಿಂದ ನೀರು ಕುಡಿಯಲಿ ಎಂದು.

ಹೋಮ್‌ಸ್ಟೇಗಳಲ್ಲಿ ಸಾಮಾನ್ಯವಾಗಿ ತಲೆಗಿಷ್ಟು ಎಂದು ಊಟ ಸೇರಿಸಿ ದರ ಹೇಳುತ್ತಾರೆ. ಒಂದು ಕಡುಬು ತಿಂದು ಸಾಕೆನ್ನುವ ಅಜ್ಜಿಗೂ ಪೂರ್ತಿ ದರ, ಮಟನ್ ಸಾರಿಗೆ ಮತ್ತೆ ಮತ್ತೆ ತಟ್ಟೆ ಒಡ್ಡುವ ಮೊಮ್ಮಗನಿಗೂ ಅದೇ ದರ. ಕೇಳಿದರೆ ವಯಸ್ಸಾದವರಿಗೆ ಕಡಿಮೆ ಮಾಡುತ್ತಾರೆ, ಸಂಕೋಚ ಪಡಬೇಡಿ. ದರಕ್ಕಿಂತ ಮೊದಲು ಕೇಳಬೇಕಾದ್ದು ಕೋಣೆ ನೆಲಮಹಡಿಯಲ್ಲಿದೆಯೇ, ಕಮೋಡು ಇದೆಯೇ ಎಂಬುದನ್ನು.

ಇನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮಪ್ಪ ನಿವೃತ್ತ ಮೇಷ್ಟ್ರು, ಪಿಂಚಣಿಯಲ್ಲಿ ಬದುಕುವವರು. ಈ ಸಲ ಮಲೆನಾಡಿಗೆ ಹೊರಡುವ ಹಿಂದಿನ ದಿನ ಬಂಕಿನಲ್ಲಿ ಜೇಬಿಗೆ ಕೈ ಹಾಕಿ, “ಪೆಟ್ರೋಲು ನಂದು ಕಣೋ, ಉಳಿದದ್ದು ನೀನು ನೋಡ್ಕೊ” ಅಂದರು. ಬೇಡ ಅನ್ನಲು ಬಾಯಿ ತೆರೆದವನನ್ನು ಹೆಂಡತಿ ಕಣ್ಣಲ್ಲೇ ತಡೆದಳು. ಅವಳು ಮಾಡಿದ್ದೇ ಸರಿ. ಹಿಂದೆಲ್ಲ ಎಲ್ಲಿ ನಿಲ್ಲಿಸಲಿ ಎಂದು ಕೇಳಿದರೆ “ನಿಮಗೆ ಹೇಗೆ ಅನುಕೂಲವೋ ಹಾಗೆ” ಎನ್ನುತ್ತಿದ್ದ ಮನುಷ್ಯ ಈ ಸಲ ತೀರ್ಥಹಳ್ಳಿ ದಾಟುತ್ತಿದ್ದಂತೆ ಗಾಡಿ ನಿಲ್ಲಿಸಿ ಅಡಿಕೆ ಸುಲಿಯುವ ಚಪ್ಪರದೊಳಗೆ ಹೋಗಿ ಕೂತರು. ಕುಪ್ಪಳಿಯ ಕವಿಮನೆಯ ತೊಟ್ಟಿಯಲ್ಲಿ ಮೊಮ್ಮಕ್ಕಳಿಗೆ ಪಾಠವನ್ನೇ ಮಾಡಿದರು. ಆಗುಂಬೆಯಲ್ಲಿ, ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದದ್ದು ಇಲ್ಲೇ ಎಂದು ಬೀದಿ ಬೀದಿ ತೋರಿಸಿದರು. ಖರ್ಚಿನಲ್ಲಿ ಪಾಲು ಕೊಟ್ಟವರು ‘ಇಲ್ಲಿ ನಿಲ್ಲಿಸು’ ಎಂದು ಹೇಳಬಲ್ಲರು. ಎಲ್ಲವನ್ನೂ ನಾವೇ ಭರಿಸಿದರೆ ಅವರು ಹಿಂದಿನ ಸೀಟಿನಲ್ಲಿ ಅತಿಥಿಗಳಾಗಿ ಸುಮ್ಮನಾಗುತ್ತಾರೆ.

ಅಮ್ಮನ ಕಷ್ಟ ಬೇರೆ. ಅವರ ಫೋನಿನಲ್ಲಿ ಯುಪಿಐ ಇಲ್ಲ. ಎಲ್ಲ ಕಡೆ ನಾವೇ ಸ್ಕ್ಯಾನ್ ಮಾಡುವಾಗ ಏಲಕ್ಕಿ ನೂರು ಗ್ರಾಂ ಬೇಕಾದರೂ ಮಗನ ಮುಖ ನೋಡಬೇಕು. ಇಡೀ ಸಂಸಾರದ ಖರ್ಚನ್ನು ತೂಗಿಸಿದ ಹೆಂಗಸಿಗೆ ಇದು ಎಂಥ ಮುಜುಗರ! ಈಗ ಹೊರಡುವಾಗಲೇ ನೂರರ, ಐವತ್ತರ ನೋಟುಗಳಲ್ಲಿ ಎರಡು ಸಾವಿರ ಅವರ ಕೈಲಿಡುತ್ತೇನೆ, ಲೆಕ್ಕ ಕೇಳುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಗೆ ಚೌಕಾಸಿ ಮಾಡಿ ಗೆದ್ದಾಗ ಅವರ ಮುಖ ನೋಡಬೇಕು. ಘಟ್ಟದ ಮೇಲೆ ನೆಟ್‌ವರ್ಕ್ ಕೈಕೊಡುವಾಗ ಆ ನೋಟುಗಳೇ ನಮ್ಮೆಲ್ಲರ ಕೈ ಹಿಡಿಯುತ್ತವೆ.

ಇದಲ್ಲದೆ ಹತ್ತು ಸಾವಿರ ನಗದು, ವೈದ್ಯರ ಚೀಟಿ, ವಿಮೆ ಕಾರ್ಡು ಒಂದೇ ಚೀಲದಲ್ಲಿ ಬೇರೆ ಇರಲಿ. ಆಗುಂಬೆಯಿಂದ ದೊಡ್ಡ ಆಸ್ಪತ್ರೆ ಬೇಕೆಂದರೆ ಘಟ್ಟ ಇಳಿದು ಮಣಿಪಾಲಕ್ಕೋ ಹಿಂದಿರುಗಿ ಶಿವಮೊಗ್ಗಕ್ಕೋ ಹೋಗಬೇಕು.

ನಾಲ್ಕು ದಿನ ಸ್ವಂತ ಕಾರಿನಲ್ಲಿ ಆರು ಜನ ಹೋಗಿಬರಲು ಮೂವತ್ತು-ಮೂವತ್ತೈದು ಸಾವಿರ ತೆಗೆದಿಟ್ಟರೆ ಆದೀತು. ತಿಂಗಳಿಗೆ 3,000ದಂತೆ ಒಂದು ವರ್ಷದ ಆರ್.ಡಿ. ಮಾಡಿದರೆ ಸಾಲದ ಮಾತೇ ಬರುವುದಿಲ್ಲ. ಮಳೆ ಜೋರಿರುವಾಗ ಘಟ್ಟದಲ್ಲಿ ಗುಡ್ಡ ಕುಸಿಯುವ ಭಯ, ಡಿಸೆಂಬರಿನ ರಜೆಯಲ್ಲಿ ಕೋಣೆಯ ದರ ಏರಿರುತ್ತದೆ. ಅಕ್ಟೋಬರ್ ಕೊನೆ, ನವೆಂಬರಿನ ವಾರದ ದಿನಗಳು ಒಳ್ಳೆಯವು. ಮಕ್ಕಳ ಶಾಲೆಗೆ ಎರಡು ದಿನ ರಜೆ ಹಾಕಿಸಿದರೂ ಚಿಂತೆಯಿಲ್ಲ, ಅಪ್ಪ-ಅಮ್ಮ ಓಡಾಡುವಷ್ಟು ಗಟ್ಟಿಯಿರುವ ಈ ವರ್ಷವೇ ಹೊರಡಿ.